ಋತುಮಧ್ಯದ ಆಟಗಾರ ವಿನಿಮಯ ಮತ್ತು ತಂಡದ ಹೊಂದಾಣಿಕೆ

ಲೀಗ್ ನಡೆಯುತ್ತಿರುವಾಗಲೇ ಒಂದು ತಂಡ ತನ್ನ ಆಟಗಾರನನ್ನು ಇನ್ನೊಂದು ತಂಡಕ್ಕೆ ಬಿಟ್ಟುಕೊಟ್ಟು, ಬದಲಿಗೆ ಬೇರೊಬ್ಬ ಆಟಗಾರನನ್ನೋ ಮುಂದಿನ ವರ್ಷಗಳಲ್ಲಿ ಹೊಸಬರನ್ನು ಆರಿಸಿಕೊಳ್ಳುವ ಹಕ್ಕನ್ನೋ ಪಡೆಯುವುದಕ್ಕೆ ಋತುಮಧ್ಯದ ವಿನಿಮಯ ಎಂದು ಹೆಸರು. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಇದು ಪ್ರತಿವರ್ಷ ಫೆಬ್ರುವರಿಯಲ್ಲಿ ನಡೆಯುವ ದೊಡ್ಡ ಸಂತೆ. ಬೆಂಗಳೂರಿನ ಹಳೆಯ ಬಡಾವಣೆಗಳಾದ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಬೆಳೆದ ಕ್ಲಬ್ ಕ್ರೀಡೆಗೆ ಇಂಥ ರೂಢಿ ಇರಲಿಲ್ಲ. ಇಲ್ಲಿ ಹುಡುಗ ಯಾವ ಶಾಲೆ, ಯಾವ ಮೈದಾನ, ಯಾವ ಕ್ಲಬ್ಬು ಎನ್ನುವುದೇ ಅವನ ಗುರುತಾಗಿತ್ತು. ಲೀಗ್ ಕ್ರಿಕೆಟ್‌ನಲ್ಲಿ ಕ್ಲಬ್ ಬದಲಿಸುವವರೂ ಆ ವರ್ಷದ ಆಟ ಶುರುವಾಗುವ ಮೊದಲೇ ಬದಲಿಸುತ್ತಿದ್ದರು. 2008ರಲ್ಲಿ ಐಪಿಎಲ್, ಅದರ ಬೆನ್ನಿಗೆ ಕಬಡ್ಡಿ, ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಲೀಗ್‌ಗಳು ಬಂದ ಮೇಲೆ ನಗರದ ಹೆಸರು ಹೊತ್ತ ತಂಡಗಳಿಗೆ ನಡುದಾರಿಯಲ್ಲಿ ಆಟಗಾರರು ಬಂದು ಸೇರುವುದು, ಬಿಟ್ಟುಹೋಗುವುದು ಮಾಮೂಲಾಯಿತು. ಹೀಗೆ ಬಂದವರಿಂದ ತಂಡದ ಒಳಗಿನ ಹೊಂದಾಣಿಕೆ ಹೇಗೆ ಬದಲಾಗುತ್ತದೆ, ಫಲಿತಾಂಶ ಹೇಗೆ ಏರುಪೇರಾಗುತ್ತದೆ ಎಂಬುದನ್ನು ಬ್ಯಾಸ್ಕೆಟ್‌ಬಾಲ್ ಮತ್ತು ಬೆಂಗಳೂರಿನ ತಂಡಗಳ ಅನುಭವದಿಂದ ಇಲ್ಲಿ ವಿವರಿಸಿದೆ.

ನಿಯಮ

ಎನ್‌ಬಿಎಯಲ್ಲಿ 30 ತಂಡಗಳಿವೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಪ್ರತಿ ತಂಡವೂ 82 ಪಂದ್ಯ ಆಡುತ್ತದೆ. ಆಮೇಲೆ ನಾಕೌಟ್ ಸರಣಿಗಳು. ವಿನಿಮಯಕ್ಕೆ ಫೆಬ್ರುವರಿಯಲ್ಲಿ ಒಂದು ಗಡುವು ಇರುತ್ತದೆ. 2018ರಿಂದ ಅದನ್ನು ಆಲ್‌ಸ್ಟಾರ್ ಪಂದ್ಯಕ್ಕಿಂತ ಕೆಲವು ದಿನಗಳ ಮುಂಚೆಗೆ ತಂದಿದ್ದಾರೆ. ಗಡುವಿನ ಹೊತ್ತಿಗೆ ಐವತ್ತರಷ್ಟು ಪಂದ್ಯ ಮುಗಿದಿರುತ್ತವೆ, ಮೂವತ್ತರಷ್ಟು ಉಳಿದಿರುತ್ತವೆ.

1984–85ರಲ್ಲಿ ಜಾರಿಗೆ ಬಂದ ಸಂಬಳದ ಮಿತಿಯಿಂದಾಗಿ, ಹೆಚ್ಚಿನ ವಿನಿಮಯಗಳಲ್ಲಿ ಹೋಗುವವರ ಸಂಬಳವೂ ಬರುವವರ ಸಂಬಳವೂ ಹತ್ತಿರಹತ್ತಿರ ಸರಿದೂಗಬೇಕು. ಆದ್ದರಿಂದ ಒಬ್ಬ ದೊಡ್ಡ ಆಟಗಾರ ಬರಬೇಕಾದರೆ ಮೂರ್ನಾಲ್ಕು ಮಂದಿ ಹೊರಡಬೇಕಾಗುತ್ತದೆ. ಆಟದಲ್ಲಿ ಒಂದು ಜಾಗ ತುಂಬುವ ಉದ್ದೇಶದಿಂದ ಶುರುವಾದ ವ್ಯವಹಾರ ಲೆಕ್ಕ ಹೊಂದಿಸುವ ಭರದಲ್ಲಿ ಇನ್ನೆರಡು ಜಾಗ ಖಾಲಿ ಮಾಡಿಬಿಡುತ್ತದೆ. ಇನ್ನೊಂದು ಮಾತು: ಎನ್‌ಬಿಎಯಲ್ಲಿ ಬಹುಪಾಲು ಆಟಗಾರರ ಒಪ್ಪಿಗೆ ಕೇಳುವ ಪದ್ಧತಿಯೇ ಇಲ್ಲ. ನಿನ್ನೆ ಒಂದು ಊರಿನಲ್ಲಿ ಮನೆ, ಮಕ್ಕಳ ಶಾಲೆ. ಇವತ್ತು ರಾತ್ರಿ ವಿಮಾನ ಹತ್ತಿ ಮತ್ತೊಂದು ಊರಿಗೆ. ಫುಟ್‌ಬಾಲ್‌ನ ಜನವರಿ ವರ್ಗಾವಣೆ ಹೀಗಲ್ಲ. ಅಲ್ಲಿ ಆಟಗಾರ ಒಪ್ಪಿ ಸಹಿ ಹಾಕಬೇಕು. ಐಪಿಎಲ್‌ನಲ್ಲಿ 2018ರಿಂದ ಋತುಮಧ್ಯದ ವರ್ಗಾವಣೆಗೆ ಅವಕಾಶ ಕೊಟ್ಟಿದ್ದರೂ ಬಳಸಿಕೊಂಡವರು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ನಡುವೆ ಬರುವವರು ಬಹುತೇಕ ಗಾಯಾಳುಗಳ ಬದಲಿಗೆ ಬರುವವರು.

ಹೊಂದಾಣಿಕೆ ಅಂಗಳದಲ್ಲಿ ಹೇಗಿರುತ್ತದೆ

ತಂಡದಲ್ಲಿ ಎಲ್ಲರೂ ಅಣ್ಣತಮ್ಮಂದಿರಂತೆ ಇದ್ದರೆ ಹೊಂದಾಣಿಕೆ ಇದೆ ಎಂದು ಹೊರಗಿನವರು ತಿಳಿಯುತ್ತಾರೆ. ಕೋಚ್‌ಗಳು ಹಾಗೆ ತಿಳಿಯುವುದಿಲ್ಲ. ಊಟಕ್ಕೆ ಒಟ್ಟಿಗೆ ಕೂರದವರೂ ಅಂಗಳದಲ್ಲಿ ಒಂದೇ ಜೀವದಂತೆ ಆಡಿದ್ದುಂಟು. ಜತೆಯವನು ಮುಂದಿನ ಅರೆಕ್ಷಣದಲ್ಲಿ ಎಲ್ಲಿರುತ್ತಾನೆ ಎಂಬುದನ್ನು ನೋಡದೆಯೇ ತಿಳಿಯಬಲ್ಲ ಅಭ್ಯಾಸದಲ್ಲಿ ಹೊಂದಾಣಿಕೆಯ ತಿರುಳಿದೆ.

ಬ್ಯಾಸ್ಕೆಟ್‌ಬಾಲ್ ಅಂಗಳ 28 ಮೀಟರ್ ಉದ್ದ, 15 ಮೀಟರ್ ಅಗಲ. ಅಷ್ಟರಲ್ಲಿ ಹತ್ತು ಜನ. ಚೆಂಡು ಕೈಗೆ ಬಂದ 24 ಸೆಕೆಂಡಿನೊಳಗೆ ಬುಟ್ಟಿಯತ್ತ ಎಸೆಯಬೇಕು. ಪಿಕ್ ಅಂಡ್ ರೋಲ್ ಎಂಬ, ಶಾಲಾ ಹುಡುಗರೂ ಆಡುವ ತಂತ್ರವನ್ನೇ ನೋಡೋಣ. ಎತ್ತರದ ಸೆಂಟರ್ ಬಂದು ಎದುರಾಳಿಯ ದಾರಿಗೆ ಅಡ್ಡ ನಿಲ್ಲುತ್ತಾನೆ. ಚೆಂಡು ಹಿಡಿದ ಗಾರ್ಡ್ ಅವನ ಭುಜ ಸವರಿಕೊಂಡು ಪಕ್ಕಕ್ಕೆ ನುಗ್ಗುತ್ತಾನೆ. ಸೆಂಟರ್ ತಿರುಗಿ ಬುಟ್ಟಿಯತ್ತ ಓಡುತ್ತಾನೆ. ಚೆಂಡು ಅವನು ತಲುಪುವ ಮುನ್ನವೇ ಆ ಜಾಗಕ್ಕೆ ಹೊರಟಿರುತ್ತದೆ. ಈ ಸೆಂಟರ್ ಎಡಕ್ಕೆ ತಿರುಗುವವನೋ ಬಲಕ್ಕೋ, ಚೆಂಡನ್ನು ಎದೆಯ ಮಟ್ಟದಲ್ಲಿ ಬಯಸುವವನೋ ತಲೆಯ ಮೇಲೋ, ಓಡುತ್ತಾನೋ ಅಥವಾ ಹೊರಗೇ ನಿಂತು ದೂರದಿಂದ ಎಸೆಯುತ್ತಾನೋ ಎಂಬುದು ಗಾರ್ಡ್‌ನ ಕೈಗೆ ಗೊತ್ತಿರಬೇಕು. ಯೋಚಿಸಿ ತಿಳಿಯುವಷ್ಟು ಹೊತ್ತು ಅಲ್ಲಿ ಇರುವುದಿಲ್ಲ.

ರಕ್ಷಣೆಯಲ್ಲಿ ಇದು ಇನ್ನೂ ಸೂಕ್ಷ್ಮ. ಎದುರಾಳಿ ಒಬ್ಬನನ್ನು ದಾಟಿದ ಕೂಡಲೇ ಎರಡನೆಯವನು ಅಡ್ಡ ಬರಬೇಕು, ಎರಡನೆಯವನು ಬಿಟ್ಟುಬಂದ ಜಾಗಕ್ಕೆ ಮೂರನೆಯವನು ಸರಿಯಬೇಕು, ನಾಲ್ಕನೆಯವನು ಇಬ್ಬರನ್ನು ಒಟ್ಟಿಗೆ ಕಣ್ಣಲ್ಲಿಟ್ಟುಕೊಳ್ಳಬೇಕು. ಇದನ್ನೆಲ್ಲ ನಡೆಸುವುದು ಒಂದೆರಡು ಅಕ್ಷರದ ಕೂಗುಗಳು. ಪ್ರತಿ ತಂಡಕ್ಕೂ ಅದರದೇ ಕೂಗು, ಅದರದೇ ನಿಯಮ. ಹಳೆಯ ತಂಡದಲ್ಲಿ ಆರು ವರ್ಷ ಒಂದು ರೀತಿ ಸರಿದವನು ಹೊಸ ತಂಡದಲ್ಲಿ ದಣಿವಾದಾಗ ಹಳೆಯ ದಿಕ್ಕಿಗೇ ಸರಿಯುತ್ತಾನೆ. ಹೀಗಾಗಿ ಹೊಸಬ ಬಂದ ತಂಡದ ಆಕ್ರಮಣ ಎರಡು ವಾರದಲ್ಲಿ ಸರಿಹೋದಂತೆ ಕಂಡರೂ ರಕ್ಷಣೆ ತಿಂಗಳುಗಟ್ಟಲೆ ಸೋರುತ್ತದೆ. ವಾರಕ್ಕೆ ಮೂರು ನಾಲ್ಕು ಪಂದ್ಯ, ನಡುವೆ ಪ್ರಯಾಣ. ಋತುವಿನ ನಡುವೆ ಪೂರ್ಣ ಅಭ್ಯಾಸದ ದಿನಗಳೇ ಸಿಗುವುದಿಲ್ಲ. ಕಲಿಯಬೇಕಾದದ್ದನ್ನು ಪಂದ್ಯದಲ್ಲೇ, ಸೋಲುಗಳ ಬೆಲೆ ತೆತ್ತು ಕಲಿಯಬೇಕು.

ಪಾತ್ರ ಹಂಚಿಕೆಯದು ಇನ್ನೊಂದು ಪದರ. ಆಟದಲ್ಲಿ ಚೆಂಡು ಒಂದೇ. ಹೊಸ ತಾರೆ ಬಂದು ಇಪ್ಪತ್ತು ಎಸೆತ ತೆಗೆದುಕೊಂಡರೆ ಅಷ್ಟು ಎಸೆತ ಇನ್ಯಾರದೋ ಪಾಲಿನಿಂದ ಹೋದಂತೆ. ಆರಂಭಿಕ ಐವರಲ್ಲಿದ್ದವನು ಬೆಂಚಿಗೆ ಸರಿಯುತ್ತಾನೆ. ಅವನ ಮುಂದಿನ ಒಪ್ಪಂದದ ಮೊತ್ತ ಈ ವರ್ಷದ ಅಂಕಗಳ ಮೇಲೆ ನಿಂತಿರುತ್ತದೆ. ಅವನಿಗೆ ಬೇಸರವಾದರೆ ಅದನ್ನು ಸಣ್ಣತನ ಎನ್ನಲಾಗದು. ಹೋದ ಗೆಳೆಯನ ನೋವೂ ಉಳಿದವರಲ್ಲಿ ಇರುತ್ತದೆ, ಮುಂದಿನ ಸರದಿ ತನ್ನದೇ ಇರಬಹುದೆಂಬ ಅಳುಕೂ ಇರುತ್ತದೆ.

ಅಪರಿಚಿತರು ತಕ್ಷಣ ಹೊಂದಿಕೊಂಡು ನುಡಿಸುವ ಒಂದು ಲೋಕ ಬೆಂಗಳೂರಿಗೆ ಚೆನ್ನಾಗಿ ಗೊತ್ತು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿ ನಡೆಸುವ, 1939ರಲ್ಲಿ ಆರಂಭವಾದ ರಾಮನವಮಿ ಸಂಗೀತೋತ್ಸವದಲ್ಲಿ ಗಾಯಕರೂ ಪಕ್ಕವಾದ್ಯದವರೂ ಒಮ್ಮೊಮ್ಮೆ ವೇದಿಕೆಯ ಮೇಲೆಯೇ ಮೊದಲ ಬಾರಿ ಜತೆಯಾಗುತ್ತಾರೆ. ಪೂರ್ವಾಭ್ಯಾಸವಿಲ್ಲದೆ ಕಚೇರಿ ಕಳೆಗಟ್ಟುವುದು ರಾಗ ತಾಳಗಳ ವ್ಯಾಕರಣ ಎಲ್ಲರಿಗೂ ಒಂದೇ ಆಗಿರುವುದರಿಂದ. ಬ್ಯಾಸ್ಕೆಟ್‌ಬಾಲ್‌ನಲ್ಲಿ ನಿಯಮಪುಸ್ತಕ ಒಂದೇ ಆದರೂ ಆಟದ ವ್ಯಾಕರಣ ತಂಡದಿಂದ ತಂಡಕ್ಕೆ ಬೇರೆ. ಋತುಮಧ್ಯದಲ್ಲಿ ಬಂದವನ ಕಷ್ಟ ಪೂರ್ತಿ ಇಲ್ಲಿದೆ. ಹೊಸ ತಂಡದ ವ್ಯಾಕರಣ ಅವನಿಗೆ ಮೊದಲೇ ಗೊತ್ತಿದ್ದರೆ ಕಷ್ಟ ಅರ್ಧ ಇಳಿಯುತ್ತದೆ. ಮುಂದಿನ ಪ್ರಕರಣಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಇದನ್ನೇ ತೋರಿಸುತ್ತವೆ.

ಎನ್‌ಬಿಎಯ ಪ್ರಕರಣಗಳು

ಹ್ಯೂಸ್ಟನ್ ರಾಕೆಟ್ಸ್, 1995. ಹಿಂದಿನ ವರ್ಷದ ಚಾಂಪಿಯನ್ ತಂಡ ಫೆಬ್ರುವರಿ 14ರಂದು ತನ್ನ ಆರಂಭಿಕ ಐವರಲ್ಲೊಬ್ಬನಾದ ಓಟಿಸ್ ಥಾರ್ಪ್‌ನನ್ನು ಪೋರ್ಟ್‌ಲ್ಯಾಂಡ್‌ಗೆ ಕೊಟ್ಟು ಕ್ಲೈಡ್ ಡ್ರೆಕ್ಸ್ಲರ್‌ನನ್ನು ಪಡೆಯಿತು. ಅಲ್ಲಿಯವರೆಗೆ 30 ಗೆಲುವು, 17 ಸೋಲು. ಅನಂತರ 17 ಗೆಲುವು, 18 ಸೋಲು. ಚೆಂಡಿಗಾಗಿ ಬುಟ್ಟಿಯ ಕೆಳಗೆ ಹೋರಾಡುತ್ತಿದ್ದ ಥಾರ್ಪ್ ಹೋಗಿದ್ದರಿಂದ ಆ ಜಾಗ ಬರಿದಾಗಿತ್ತು. ಕೊನೆಗೆ ತೆಳ್ಳಗಿನ ರಾಬರ್ಟ್ ಹಾರಿಯನ್ನು ಆ ಸ್ಥಾನಕ್ಕೆ ಸರಿಸಿ ತಂಡ ಆಟದ ರೀತಿಯನ್ನೇ ಬದಲಿಸಿಕೊಂಡಿತು. ಆರನೇ ಶ್ರೇಯಾಂಕದಿಂದ ನಾಕೌಟ್‌ಗೆ ಬಂದು, ಯೂಟಾ ವಿರುದ್ಧ 3–2, ಫೀನಿಕ್ಸ್ ವಿರುದ್ಧ 1–3ರ ಹಿನ್ನಡೆಯಿಂದ 4–3, ಸ್ಯಾನ್ ಆಂಟೋನಿಯೊ ವಿರುದ್ಧ 4–2, ಫೈನಲ್‌ನಲ್ಲಿ ಒರ್ಲ್ಯಾಂಡೊ ವಿರುದ್ಧ 4–0. ಇಷ್ಟು ಕೆಳಗಿನ ಶ್ರೇಯಾಂಕದಿಂದ ಬೇರಾವ ತಂಡವೂ ಪ್ರಶಸ್ತಿ ಗೆದ್ದಿಲ್ಲ. ಡ್ರೆಕ್ಸ್ಲರ್ ಮತ್ತು ಆ ತಂಡದ ನಾಯಕ ಹಕೀಮ್ ಒಲಾಜುವಾನ್ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಒಟ್ಟಿಗೆ ಆಡಿದವರು. ಇಬ್ಬರ ನಡುವೆ ಹಳೆಯ ಅಭ್ಯಾಸ ಇತ್ತು. ಉಳಿದವರು ಅದರ ಸುತ್ತ ಕೂಡಿಕೊಳ್ಳಲು ಎರಡು ತಿಂಗಳು ಹಿಡಿಯಿತು.

ಡೆಟ್ರಾಯಿಟ್ ಪಿಸ್ಟನ್ಸ್, 2004. ಫೆಬ್ರುವರಿ 19ರಂದು ರಶೀದ್ ವಾಲೇಸ್ ಬಂದಾಗ ತಂಡದ ದಾಖಲೆ 34–22 (ಗೆಲುವು–ಸೋಲು). ಉಳಿದ 26 ಪಂದ್ಯಗಳಲ್ಲಿ 20 ಗೆಲುವು, ಕೊನೆಗೆ ಲಾಸ್ ಏಂಜಲೀಸ್ ಲೇಕರ್ಸ್ ಮೇಲೆ 4–1ರಿಂದ ಪ್ರಶಸ್ತಿ. ರಕ್ಷಣೆಯೇ ಉಸಿರಾಗಿದ್ದ ತಂಡಕ್ಕೆ ರಕ್ಷಣೆ ಬಲ್ಲ ಎತ್ತರದ ಆಟಗಾರನೊಬ್ಬ ಬೇಕಾಗಿತ್ತು. ಬಂದವನು ಚೆಂಡು ಕೇಳಲಿಲ್ಲ. ಯಾರ ಪಾತ್ರವೂ ಕದಲಲಿಲ್ಲ. ಋತುಮಧ್ಯದ ವಿನಿಮಯಕ್ಕೆ ಮಾದರಿ ಯಾವುದೆಂದು ಕೇಳಿದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕೊಡುವುದು ಕಷ್ಟ. 2008ರ ಫೆಬ್ರುವರಿ 1ರಂದು ಮೆಂಫಿಸ್‌ನಿಂದ ಲೇಕರ್ಸ್‌ಗೆ ಬಂದ ಪಾವ್ ಗಸೋಲ್ ತಂಡವನ್ನು ಅದೇ ವರ್ಷ ಫೈನಲ್‌ಗೂ, 2009 ಮತ್ತು 2010ರಲ್ಲಿ ಪ್ರಶಸ್ತಿಗೂ ತಲುಪಿಸಿದ. ಅದೇ ವ್ಯವಹಾರದಲ್ಲಿ ಮೆಂಫಿಸ್‌ಗೆ ಹಕ್ಕು ಹೋದ ಅವನ ತಮ್ಮ ಮಾರ್ಕ್ ಗಸೋಲ್ 2019ರ ಫೆಬ್ರುವರಿಯಲ್ಲಿ ಟೊರಾಂಟೊಗೆ ಹೋಗಿ ಆ ವರ್ಷವೇ ಚಾಂಪಿಯನ್ ಆದ. ಇಬ್ಬರೂ ಪಾಸ್ ಕೊಡುವುದರಲ್ಲಿ ನಿಪುಣರಾದ ಸೆಂಟರ್‌ಗಳು. ಕೊಡಲು ಬಲ್ಲವನು ಹೊಸ ತಂಡದಲ್ಲಿ ಬೇಗ ಬೆರೆಯುತ್ತಾನೆ.

ಬಾಸ್ಟನ್ ಸೆಲ್ಟಿಕ್ಸ್‌ನ ಕಥೆ ಬೇರೆ. 2011ರ ಫೆಬ್ರುವರಿ 24ರಂದು 41–14ರ ದಾಖಲೆಯಲ್ಲಿದ್ದ ತಂಡ ತನ್ನ ಸೆಂಟರ್ ಕೆಂಡ್ರಿಕ್ ಪರ್ಕಿನ್ಸ್‌ನನ್ನು ಒಕ್ಲಹಾಮಾ ಸಿಟಿಗೆ ಕೊಟ್ಟಿತು. ಪರ್ಕಿನ್ಸ್ ಹೆಚ್ಚು ಅಂಕ ಗಳಿಸುವವನಲ್ಲ. ಅಡ್ಡ ನಿಲ್ಲುವುದು, ಕೂಗಿ ಹೇಳುವುದು, ಬುಟ್ಟಿಯ ಕೆಳಗೆ ಜಾಗ ಕಾಯುವುದು ಅವನ ಕೆಲಸ. ಕಾಗದದ ಲೆಕ್ಕದಲ್ಲಿ ನಷ್ಟ ಕಾಣದ ಈ ವ್ಯವಹಾರದ ನಂತರ ಬಾಸ್ಟನ್ 15 ಗೆದ್ದು 12 ಸೋತಿತು, ಎರಡನೇ ಸುತ್ತಿನಲ್ಲಿ ಮಯಾಮಿಗೆ 4–1ರಿಂದ ಶರಣಾಯಿತು. ಅದೇ ವಾರ ಕಾರ್ಮೆಲೊ ಆಂಥನಿ ಡೆನ್ವರ್‌ನಿಂದ ನ್ಯೂಯಾರ್ಕ್‌ಗೆ ಹೋದ. ಅವನಿಗಾಗಿ ನ್ಯೂಯಾರ್ಕ್ ನಿತ್ಯ ಆಡುತ್ತಿದ್ದ ನಾಲ್ವರನ್ನು ಕೊಟ್ಟಿತ್ತು. 28–26ರಲ್ಲಿದ್ದ ನ್ಯೂಯಾರ್ಕ್ ಉಳಿದ ಪಂದ್ಯಗಳಲ್ಲಿ 14–14. ತಾರೆಯನ್ನು ಕಳೆದುಕೊಂಡ ಡೆನ್ವರ್ 18–7. ನಾಲ್ಕು ಮಂದಿ ಹೊಸಬರು ಬಂದು ಭಾರವನ್ನು ಹಂಚಿಕೊಂಡ ತಂಡ ಮೇಲೆದ್ದಿತು, ನಾಲ್ವರ ಕೆಲಸವನ್ನು ಒಬ್ಬನ ಹೆಗಲಿಗೇರಿಸಿದ ತಂಡ ನಿಂತಲ್ಲೇ ನಿಂತಿತು.

ಇತ್ತೀಚಿನ ದೊಡ್ಡ ಪ್ರಕರಣ 2025ರ ಫೆಬ್ರುವರಿಯದು. ಹಿಂದಿನ ವರ್ಷ ಫೈನಲ್ ಆಡಿದ್ದ ಡಲ್ಲಾಸ್ ತನ್ನ ತಾರೆ ಲೂಕಾ ಡಾನ್ಚಿಚ್‌ನನ್ನು ಲೇಕರ್ಸ್‌ಗೆ ಕೊಟ್ಟು ಆಂಥನಿ ಡೇವಿಸ್‌ನನ್ನು ತಂದುಕೊಂಡಿತು. ಡೇವಿಸ್ ಮೊದಲ ಪಂದ್ಯದಲ್ಲೇ ಗಾಯಗೊಂಡ. ಡಲ್ಲಾಸ್ 39–43ರಲ್ಲಿ ಮುಗಿಸಿ ಮುಖ್ಯ ನಾಕೌಟ್‌ಗೂ ತಲುಪಲಿಲ್ಲ. ಅಭಿಮಾನಿಗಳ ಸಿಟ್ಟು ತಿಂಗಳುಗಳ ಕಾಲ ಆರಲಿಲ್ಲ, ವ್ಯವಹಾರ ಕುದುರಿಸಿದ ವ್ಯವಸ್ಥಾಪಕ ಅದೇ ವರ್ಷದ ನವೆಂಬರ್‌ನಲ್ಲಿ ಕೆಲಸ ಕಳೆದುಕೊಂಡರು. ಲೇಕರ್ಸ್ 50 ಗೆದ್ದರೂ ಮೊದಲ ಸುತ್ತಿನಲ್ಲೇ ಮಿನೆಸೋಟಾಗೆ 4–1ರಿಂದ ಸೋತಿತು. ತಂಡ ಯಾರ ಸುತ್ತ ಕಟ್ಟಲ್ಪಟ್ಟಿದೆಯೋ ಅವನನ್ನೇ ನಡುವೆ ಕಿತ್ತರೆ ಕೊಟ್ಟವರಿಗೂ ಪಡೆದವರಿಗೂ ಆ ವರ್ಷ ದಕ್ಕುವುದು ಅಪರೂಪ.

ಅಂಕಿಗಳನ್ನು ಓದುವ ಎಚ್ಚರ

ವಿನಿಮಯದ ಹಿಂದೆ ಮುಂದೆ ಎಂದು ಗೆಲುವು ಸೋಲುಗಳನ್ನು ಎಣಿಸುವುದು ಸುಲಭ, ಅದರಿಂದ ಕಾರಣ ಹೇಳುವುದು ಸುಲಭವಲ್ಲ. ವಿನಿಮಯಕ್ಕೆ ಇಳಿಯುವ ತಂಡಗಳು ಸಾಮಾನ್ಯವಾಗಿ ತಮ್ಮ ಶಕ್ತಿಗಿಂತ ಕೆಟ್ಟದಾಗಿ ಆಡುತ್ತಿರುವ ತಂಡಗಳು. ಏನೂ ಮಾಡದೆ ಸುಮ್ಮನಿದ್ದರೂ ಅವು ಸ್ವಲ್ಪ ಮೇಲೇಳುತ್ತಿದ್ದವು. ಗಾಯಾಳುಗಳು ಮರಳುವುದು, ತವರಿನ ಪಂದ್ಯಗಳು ಸಾಲಾಗಿ ಬರುವುದು ಸಹ ಲೆಕ್ಕದಲ್ಲಿ ಬೆರೆಯುತ್ತವೆ. 2022ರ ಫೆಬ್ರುವರಿ 10ರಂದು ಡೆರಿಕ್ ವೈಟ್ ಬಂದ ಬಾಸ್ಟನ್ ಆ ವರ್ಷ ಫೈನಲ್ ಆಡಿತು. ಆದರೆ ಜನವರಿಯ ಆದಿಯಲ್ಲಿ 18–21ರಲ್ಲಿದ್ದ ಆ ತಂಡ ಅವನು ಬರುವ ಮೊದಲೇ ಚೇತರಿಸಿಕೊಂಡಿತ್ತು.

ಬೆಂಗಳೂರಿನಲ್ಲೂ ಇಂಥದೇ ಒಂದು ಋತು ನಡೆಯಿತು. 2022–23ರ ಐಎಸ್‌ಎಲ್ ಫುಟ್‌ಬಾಲ್ ಲೀಗ್‌ನಲ್ಲಿ ಮೊದಲರ್ಧ ಸೋಲುಗಳಲ್ಲೇ ಕಳೆದ ಬೆಂಗಳೂರು ಎಫ್‌ಸಿ, ಕೊನೆಯ ಎಂಟು ಲೀಗ್ ಪಂದ್ಯಗಳನ್ನು ಸತತವಾಗಿ ಗೆದ್ದು ನಾಲ್ಕನೆಯದಾಗಿ ಮುಗಿಸಿತು. 2023ರ ಮಾರ್ಚ್ 18ರ ಫೈನಲ್‌ನಲ್ಲಿ ಪೆನಾಲ್ಟಿಗಳಲ್ಲಿ ಎಟಿಕೆ ಮೋಹನ್ ಬಾಗಾನ್‌ಗೆ ಸೋತಿತು. ಜನವರಿಯಲ್ಲಿ ಅರ್ಜೆಂಟೀನಾದ ಪಾಬ್ಲೊ ಪೆರೆಸ್ ಬಂದಿದ್ದರೂ ತಂಡದ ಮೈಕಟ್ಟು ಬಹುತೇಕ ಅದೇ ಇತ್ತು. ಆ ತಿರುವನ್ನು ವರ್ಗಾವಣೆಯ ಖಾತೆಗೆ ಬರೆಯಲಾಗದು. ಇದ್ದವರೇ ಒಬ್ಬರನ್ನೊಬ್ಬರು ಅರಿತದ್ದರ ಫಲ ಅದು ಎನ್ನುವುದು ಹೆಚ್ಚು ಸರಿ.

ಬೆಂಗಳೂರಿನ ಪ್ರಕರಣಗಳು: ರಾಯಲ್ ಚಾಲೆಂಜರ್ಸ್

ಋತುವಿನ ನಡುವೆ ತಂಡ ಬದಲಾಗಿ ಫಲಿತಾಂಶ ತಿರುಗಿದ್ದಕ್ಕೆ ಬೆಂಗಳೂರಿನಲ್ಲಿ ಎಲ್ಲರ ಕಣ್ಣೆದುರಿನ ಸಾಕ್ಷಿ ಕ್ರಿಕೆಟ್‌ನದು. 2009ರ ಐಪಿಎಲ್‌ಗೆ ಮುಂಚೆ ರಾಯಲ್ ಚಾಲೆಂಜರ್ಸ್ ಬೆಂಗಳೂರು (ಆರ್‌ಸಿಬಿ) ತಂಡ ಜಹೀರ್ ಖಾನ್‌ರನ್ನು ಮುಂಬೈಗೆ ಕೊಟ್ಟು ರಾಬಿನ್ ಉತ್ತಪ್ಪರನ್ನು ಕರೆತಂದಿತ್ತು. ಹರಾಜಿನಲ್ಲಿ ಆ ವರ್ಷದ ಅತ್ಯಧಿಕ ಬೆಲೆಗೆ ಕೊಂಡ ಕೆವಿನ್ ಪೀಟರ್ಸನ್ ನಾಯಕ. ದಕ್ಷಿಣ ಆಫ್ರಿಕದಲ್ಲಿ ನಡೆದ ಆ ಟೂರ್ನಿಯ ಮೊದಲ ಆರು ಪಂದ್ಯಗಳಲ್ಲಿ ಎರಡು ಗೆಲುವು, ನಾಲ್ಕು ಸೋಲು. ಪೀಟರ್ಸನ್ ಇಂಗ್ಲೆಂಡ್ ತಂಡದ ಕರೆಗೆ ಹೊರಟರು. ನಾಯಕತ್ವ ಅನಿಲ್ ಕುಂಬ್ಳೆ ಕೈಗೆ ಬಂತು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್, ನ್ಯಾಷನಲ್ ಕಾಲೇಜಿನ ಹುಡುಗ. ತಂಡದ ರಾಹುಲ್ ದ್ರಾವಿಡ್ ಮೊದಲಾದವರೊಡನೆ ಕರ್ನಾಟಕಕ್ಕಾಗಿ ಹದಿನೈದಕ್ಕೂ ಹೆಚ್ಚು ವರ್ಷ ಬೆವರು ಸುರಿಸಿದವರು. ಮುಂದಿನ ಎಂಟು ಲೀಗ್ ಪಂದ್ಯಗಳಲ್ಲಿ ಆರು ಗೆಲುವು. ಮೇ 21ರಂದು ಮನೀಶ್ ಪಾಂಡೆ ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯರಾದರು. ಸೆಮಿಫೈನಲ್‌ನಲ್ಲಿ ಚೆನ್ನೈ ಮೇಲೆ ಜಯ. ಫೈನಲ್‌ನಲ್ಲಿ ಕುಂಬ್ಳೆ 16 ರನ್‌ಗೆ 4 ವಿಕೆಟ್ ಪಡೆದರೂ ತಂಡ ಡೆಕ್ಕನ್ ಚಾರ್ಜರ್ಸ್‌ಗೆ 6 ರನ್‌ಗಳಿಂದ ಸೋತಿತು. ಸೋತ ತಂಡದವರಾದರೂ ಪಂದ್ಯಶ್ರೇಷ್ಠ ಅವರೇ. ಇದನ್ನು ವಿನಿಮಯ ಎನ್ನಲಾಗದು, ನಿಜ. ಆದರೆ ಋತುವಿನ ನಡುವೆ ತಂಡದ ಕೇಂದ್ರವೇ ಬದಲಾದಾಗ, ಹೊಸ ಕೇಂದ್ರ ಒಳಗಿನವನೇ ಆಗಿದ್ದರೆ ಏನಾಗಬಹುದೆಂದು ಇದಕ್ಕಿಂತ ಚೆನ್ನಾಗಿ ಹೇಳುವ ಪ್ರಕರಣ ಈ ನಗರದಲ್ಲಿ ಇನ್ನೊಂದಿಲ್ಲ.

2011ರದು ಹೊರಗಿನವನ ಕಥೆ. ಮೊದಲ ಐದು ಪಂದ್ಯಗಳಲ್ಲಿ ಒಂದು ಗೆಲುವು, ಮೂರು ಸೋಲು, ಒಂದು ಮಳೆಗೆ ಆಹುತಿ. ವೇಗದ ಬೌಲರ್ ಡರ್ಕ್ ನ್ಯಾನಸ್ ಗಾಯಗೊಂಡಿದ್ದರಿಂದ, ಹರಾಜಿನಲ್ಲಿ ಯಾರೂ ಕೊಳ್ಳದೆ ಉಳಿದಿದ್ದ ಕ್ರಿಸ್ ಗೇಲ್‌ಗೆ ಕರೆ ಹೋಯಿತು. ಏಪ್ರಿಲ್ 22ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೊದಲ ಪಂದ್ಯದಲ್ಲೇ 55 ಎಸೆತಗಳಲ್ಲಿ ಅಜೇಯ 102. ಅಲ್ಲಿಂದ ಸತತ ಏಳು ಗೆಲುವು. ತಂಡ ಲೀಗ್ ಪಟ್ಟಿಯ ತುದಿಗೆ ಏರಿತು. ಗೇಲ್ 12 ಪಂದ್ಯಗಳಲ್ಲಿ 608 ರನ್ ಗಳಿಸಿ, ಅತಿ ಹೆಚ್ಚು ರನ್ ಗಳಿಸಿದವರಿಗೆ ಸಿಗುವ ಆರೆಂಜ್ ಕ್ಯಾಪ್ ತೊಟ್ಟರು. ಫೈನಲ್‌ನಲ್ಲಿ ಅವರು ಸೊನ್ನೆಗೆ ಔಟಾದರು, ತಂಡ ಚೆನ್ನೈಗೆ 58 ರನ್‌ಗಳಿಂದ ಸೋತಿತು. ಒಬ್ಬ ಬಂದು ತಂಡವನ್ನು ಎತ್ತಿದ್ದಕ್ಕೂ, ಅವನೊಬ್ಬನ ಮೇಲೇ ನಿಂತ ತಂಡ ಅವನೊಡನೆಯೇ ಕುಸಿದದ್ದಕ್ಕೂ ಆ ಒಂದೇ ಋತು ಸಾಕ್ಷಿ.

ಡ್ರೆಕ್ಸ್ಲರ್ ಬಂದ ಹ್ಯೂಸ್ಟನ್ ಎರಡು ತಿಂಗಳು ತಡವರಿಸಿತು, ಗೇಲ್ ಬಂದ ಬೆಂಗಳೂರು ಒಂದೇ ಸಂಜೆಯಲ್ಲಿ ಬದಲಾಯಿತು. ವ್ಯತ್ಯಾಸ ಇರುವುದು ಆಟದ ನೇಯ್ಗೆಯಲ್ಲಿ. ಬ್ಯಾಟ್ಸ್‌ಮನ್ ಬೌಲರ್‌ನ ಎದುರು ಬಹುಮಟ್ಟಿಗೆ ಒಂಟಿ. ಜತೆಗಾರನೊಡನೆ ರನ್ ಓಡುವ ಕರೆ ಗೊತ್ತಿದ್ದರೆ ಅವನ ಕೆಲಸ ಸಾಗುತ್ತದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಬ್ಬನ ಪ್ರತಿ ಹೆಜ್ಜೆಯೂ ಇನ್ನು ನಾಲ್ವರ ಹೆಜ್ಜೆಗಳಿಗೆ ಕಟ್ಟುಬಿದ್ದಿರುತ್ತದೆ. ಫುಟ್‌ಬಾಲ್ ಇವೆರಡರ ನಡುವೆ. ಕಬಡ್ಡಿಯಲ್ಲಿ ಒಂದೇ ತಂಡದೊಳಗೆ ಎರಡೂ ಸಿಗುತ್ತವೆ. ರೈಡರ್ ಒಂಟಿಯಾಗಿ ಹೋಗುತ್ತಾನೆ. 2019ರ ಜನವರಿ 5ರ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ಗಳಿಸಿದ 38 ಅಂಕಗಳಲ್ಲಿ 22 ಪವನ್ ಸೆಹ್ರಾವತ್ ಒಬ್ಬರವು. ಆದರೆ ರಕ್ಷಣೆಯಲ್ಲಿ, ಮೂಲೆಯಲ್ಲಿ ನಿಂತ ಕಾರ್ನರ್ ಆಟಗಾರ ಕಾಲು ಹಿಡಿದ ಗಳಿಗೆಯಲ್ಲೇ ಒಳಗಿನ ಕವರ್ ಆಟಗಾರ ಮುನ್ನುಗ್ಗಬೇಕು, ಕೈಹಿಡಿದು ನಿಂತ ಸರಪಳಿ ಒಟ್ಟಿಗೆ ಮುಚ್ಚಬೇಕು. ಅಲ್ಲಿ ಹೊಸಬನನ್ನು ನಡುವೆ ಸೇರಿಸಿದರೆ ಆಗುವ ತೊಂದರೆ ಬ್ಯಾಸ್ಕೆಟ್‌ಬಾಲ್ ರಕ್ಷಣೆಯ ತೊಂದರೆಯೇ.

ಆರ್‌ಸಿಬಿಯ ಮುಂದಿನ ಬದಲಿಗಳಲ್ಲೂ ಈ ಸೂತ್ರ ಹಿಡಿದು ನೋಡಬಹುದು. 2021ರಲ್ಲಿ ಕೋವಿಡ್‌ನಿಂದ ಮೇ ತಿಂಗಳಲ್ಲಿ ನಿಂತ ಐಪಿಎಲ್ ಸೆಪ್ಟೆಂಬರ್‌ನಲ್ಲಿ ಯುಎಇಯಲ್ಲಿ ಮತ್ತೆ ಶುರುವಾದಾಗ ತಂಡಕ್ಕೆ ಹಸರಂಗ, ಚಮೀರ, ಟಿಮ್ ಡೇವಿಡ್, ಗಾರ್ಟನ್ ಎಂಬ ನಾಲ್ವರು ಹೊಸಬರು. ಕೋಚ್ ಸೈಮನ್ ಕ್ಯಾಟಿಚ್ ಬದಲು ಮೈಕ್ ಹೆಸನ್. ಮೊದಲರ್ಧದ ಏಳು ಪಂದ್ಯಗಳಲ್ಲಿ ಐದು ಗೆದ್ದಿದ್ದ ತಂಡ ಎರಡನೆಯ ಅರ್ಧದಲ್ಲಿ ನಾಲ್ಕು ಗೆದ್ದು, ಎಲಿಮಿನೇಟರ್‌ನಲ್ಲಿ ಕೋಲ್ಕತ್ತಕ್ಕೆ ಸೋತಿತು. ಬಂದವರಿಂದ ಹೇಳಿಕೊಳ್ಳುವ ಲಾಭ ಆಗಲಿಲ್ಲ. 2022ರಲ್ಲಿ ಕರ್ನಾಟಕದ ಲವ್ನೀತ್ ಸಿಸೋಡಿಯಾ ಗಾಯಗೊಂಡಾಗ ಬಂದ ರಜತ್ ಪಾಟಿದಾರ್, ಮೇ 25ರ ಎಲಿಮಿನೇಟರ್‌ನಲ್ಲಿ ಲಖನೌ ವಿರುದ್ಧ 54 ಎಸೆತಗಳಲ್ಲಿ ಅಜೇಯ 112 ಹೊಡೆದರು. ಅವರು 2021ರಲ್ಲೇ ಈ ತಂಡದಲ್ಲಿ ಇದ್ದವರು. 2025ರಲ್ಲಿ ದೇವದತ್ತ ಪಡಿಕ್ಕಲ್ ಗಾಯಗೊಂಡಾಗ ಬಂದ ಮಯಂಕ್ ಅಗರ್‌ವಾಲ್ ಸಹ 2011ರಿಂದ 2013ರವರೆಗೆ ಇಲ್ಲಿ ಆಡಿದವರು, ಪಡಿಕ್ಕಲ್‌ರಂತೆಯೇ ಕರ್ನಾಟಕದ ರಣಜಿ ಆಟಗಾರ. ಮೇ 27ರಂದು ಲಖನೌದಲ್ಲಿ 228 ರನ್ ಬೆನ್ನಟ್ಟಿದ ಪಂದ್ಯದಲ್ಲಿ ಅಜೇಯ 41, ಜೂನ್ 3ರ ಫೈನಲ್‌ನಲ್ಲಿ 24. ಅಂದು ಪಂಜಾಬ್ ಮೇಲೆ 6 ರನ್‌ಗಳಿಂದ ಗೆದ್ದ ತಂಡ 18ನೇ ವರ್ಷದಲ್ಲಿ ಮೊದಲ ಪ್ರಶಸ್ತಿ ಎತ್ತಿತು. ನಾಯಕ ಅದೇ ಪಾಟಿದಾರ್. ಮನೆಯ ದಾರಿ ಮೊದಲೇ ಗೊತ್ತಿದ್ದವರು ಬಂದು ಸೇರಿದ ಎರಡು ಬಾರಿಯೂ ಆರ್‌ಸಿಬಿಗೆ ಒಳ್ಳೆಯದಾಗಿದೆ.

ನಗರದ ಬ್ಯಾಸ್ಕೆಟ್‌ಬಾಲ್

ಬೆಂಗಳೂರಿನ ಬ್ಯಾಸ್ಕೆಟ್‌ಬಾಲ್ ಕಾಲೇಜು ಅಂಗಳಗಳಲ್ಲಿ, ಬಡಾವಣೆಯ ಕ್ಲಬ್‌ಗಳಲ್ಲಿ, ಬ್ಯಾಂಕು ಮತ್ತು ಸರ್ಕಾರಿ ಇಲಾಖೆಗಳ ತಂಡಗಳಲ್ಲಿ ಬೆಳೆದ ಆಟ. ಇಲ್ಲಿ ಆಟಗಾರನನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುತ್ತಿದ್ದದ್ದು ಕ್ರೀಡಾ ಕೋಟಾದ ನೌಕರಿ. ನೌಕರಿ ಸಿಕ್ಕಿದವನು ಆ ತಂಡದಲ್ಲೇ ವರ್ಷಗಟ್ಟಲೆ ಉಳಿಯುತ್ತಿದ್ದ. ಐವರು ಒಟ್ಟಿಗೆ ಪಳಗುವುದಕ್ಕೆ ಅಲ್ಲಿ ಬೇಕಾದಷ್ಟು ಕಾಲ ಇತ್ತು. ಈ ವ್ಯವಸ್ಥೆಯ ಗಟ್ಟಿತನಕ್ಕೆ ಒಂದು ಅಪೂರ್ವ ನಿದರ್ಶನವಿದೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ನಗರದ ಟೂರ್ನಿಗಳಲ್ಲಿ ಹೆಸರು ಮಾಡಿದ್ದ ಅದರ ಬ್ಯಾಸ್ಕೆಟ್‌ಬಾಲ್ ತಂಡ ಬರೋಡಾ ಹೆಸರಿನಲ್ಲಿ ಆಡತೊಡಗಿತು. ಅಂಗಿಯ ಮೇಲಿನ ಹೆಸರು ಬದಲಾಯಿತು, ಅಂಗಳದಲ್ಲಿ ಒಟ್ಟಿಗೆ ಆಡುವ ಅಭ್ಯಾಸ ಬದಲಾಗಲಿಲ್ಲ. ಎನ್‌ಬಿಎಯಲ್ಲಿ ನಡೆಯುವುದು ಇದರ ತಲೆಕೆಳಗು: ಅಂಗಿ ಅದೇ, ಒಳಗಿನ ಜನ ಬೇರೆ.

ಅಲ್ಪಕಾಲದಲ್ಲಿ ಕೂಡಿದ ತಂಡ ಗೆಲ್ಲುವುದೇ ಇಲ್ಲ ಎಂದೇನಲ್ಲ. 2017ರ ಜುಲೈ 29ರಂದು ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್‌ನ ಬಿ ವಿಭಾಗ ಗೆದ್ದು ಎ ವಿಭಾಗಕ್ಕೆ ಏರಿದರು. ಬೇರೆ ಬೇರೆ ರಾಜ್ಯ, ಇಲಾಖೆಗಳಿಂದ ಬಂದವರು ಅವರು. ಒಬ್ಬರೇ ಕೋಚ್ ಕೆಳಗೆ ಶಿಬಿರದಲ್ಲಿ ಒಂದೇ ಆಟ ಕಲಿತು ಬಂದಿದ್ದರು. ಜತೆಗೆ ಬಹಳ ಮಂದಿ ಹಿಂದಿನ ಟೂರ್ನಿಗಳಲ್ಲೂ ಒಟ್ಟಿಗೆ ಆಡಿದ್ದರು. ಎರಡು ಅಂಕದ ಅಂತರದ ಪಂದ್ಯ ಉಳಿಯುವುದು ಅಂಥ ತಯಾರಿಯಿಂದ.

ವೃತ್ತಿಪರ ಲೀಗ್‌ಗಳ ಪ್ರಯತ್ನಗಳೂ ಆಗಿವೆ. 2015ರಿಂದ 2017ರವರೆಗೆ ನಡೆದ ಯುಬಿಎ ಲೀಗ್‌ನಲ್ಲಿ ಬೆಂಗಳೂರು ಬೀಸ್ಟ್, 2022–23ರ ಇಂಡಿಯನ್ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಬೆಂಗಳೂರು ಕಿಂಗ್ಸ್ ನಗರವನ್ನು ಪ್ರತಿನಿಧಿಸಿದವು. ಎರಡೂ ಲೀಗ್‌ಗಳ ಋತು ಎನ್‌ಬಿಎಯದಕ್ಕೆ ಹೋಲಿಸಿದರೆ ತೀರ ಚಿಕ್ಕದು. 82 ಪಂದ್ಯಗಳ ಋತುವಿನಲ್ಲಿ ಹ್ಯೂಸ್ಟನ್‌ಗೆ ತಡವರಿಸಲು 35 ಪಂದ್ಯಗಳು ಸಿಕ್ಕವು. ಇಲ್ಲಿನ ಇಡೀ ಲೀಗೇ ಅಷ್ಟು ಉದ್ದವಿಲ್ಲ. ಹೊಸಬ ಹೊಂದಿಕೊಳ್ಳುವ ಹೊತ್ತಿಗೆ ಟೂರ್ನಿ ಮುಗಿದಿರುತ್ತದೆ. ಆದ್ದರಿಂದ ನಮ್ಮಲ್ಲಿ ಲೀಗ್ ಕಟ್ಟುವವರು ಅಮೆರಿಕದ ನಿಯಮಪುಸ್ತಕದಿಂದ ಫೆಬ್ರುವರಿಯ ಸಂತೆಯನ್ನು ತರಬಾರದು. ಗಾಯಾಳುಗಳಿಗೆ ಬದಲಿ ಇರಲಿ. ಆ ಬದಲಿ ಆದಷ್ಟು ಅದೇ ಶಿಬಿರದಲ್ಲಿ ಅಭ್ಯಾಸ ಮಾಡಿದವರಿಂದಲೇ ಬರಲಿ. ಕೊಡುಕೊಳ್ಳುವಿಕೆ ಎರಡು ಋತುಗಳ ನಡುವಿನ ತಿಂಗಳುಗಳಲ್ಲಿ, ಆಟಗಾರನ ಒಪ್ಪಿಗೆಯ ಮೇಲೆ ನಡೆಯಲಿ.